ಐದು ಕಂಬಗಳು

ಮನೆ ಬದಲಾಯಿಸುವಾಗ ರಟ್ಟಿನ ಡಬ್ಬಿಯೊಂದರ ತಳದಲ್ಲಿ ನನ್ನ ಪಿಎಚ್‌ಡಿ ಥೀಸಿಸ್ಸು ಸಿಕ್ಕಿತು. ಮೂಲೆಗೆ ಹುಳ ಬಿದ್ದಿತ್ತು. ಸಾಮಾನು ಜೋಡಿಸೋದು ಬಿಟ್ಟು ಅಲ್ಲೇ ನೆಲದ ಮೇಲೆ ಕೂತು ಪುಟ ತಿರುವಿದೆ. ನಾಲ್ಕನೇ ಅಧ್ಯಾಯದಲ್ಲಿ ಒಂದು ಚಿತ್ರ. ನೀಲಿ ಬಣ್ಣದ ಐದು ಕಂಬಗಳು, ಒಂದರ ಪಕ್ಕ ಒಂದು, ಎಲ್ಲಾ ಹೆಚ್ಚೂಕಮ್ಮಿ ಒಂದೇ ಎತ್ತರ. ತಲೆ ಮೇಲೆ ಅಂಕಿಗಳು: 99, 99, 99, 98, 99. ಕೆಳಗೆ ಒಂದು ಸಾಲಿನ ವಿವರಣೆ. ಈ ಕ್ಯಾಟಲಿಸ್ಟನ್ನು ಐದು ಸಲ ಬಳಸಿದರೂ ಅದರ ಶಕ್ತಿ ಕುಂದಿಲ್ಲ ಅನ್ನೋ ಅರ್ಥದ್ದು.

ಆ ಐದು ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಆ ಪುಟ ನೋಡಿದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಕೆಮಿಸ್ಟ್ರಿ ಹೇಳಬೇಕು. ಸಹಿಸಿಕೊಳ್ಳಿ, ಆಮೇಲೆ ನಮ್ಮವ್ವನ ವಿಷಯಕ್ಕೆ ಬರ್ತೀನಿ.

ನಾನು ಮಂಡ್ಯ ಕಡೆಯವನು. ಕಬ್ಬಿನ ಸಿಪ್ಪೆ ಅಂದ್ರೆ ನಮಗೆ ಆಲೆಮನೆಯ ಒಲೆಗೆ ಹಾಕೋ ಉರುವಲು. ಸಕ್ಕರೆ ಕಾರ್ಖಾನೆಯಲ್ಲೂ ಅಷ್ಟೇ, ಬಾಯ್ಲರಿಗೆ ಸುರೀತಾರೆ, ಹಬೆ ಬರುತ್ತೆ, ಕರೆಂಟು ಬರುತ್ತೆ. ಎಂಎಸ್ಸಿ ಓದೋವಾಗ ಮೊದಲ ಸಲ ಗೊತ್ತಾಗಿದ್ದು, ಅದೇ ಸಿಪ್ಪೆಯನ್ನ ತೆಳು ಸಲ್ಫ್ಯೂರಿಕ್ ಆಮ್ಲದ ಜೊತೆ ಒತ್ತಡದಲ್ಲಿ ಇನ್ನೂರು ಡಿಗ್ರಿ ಆಸುಪಾಸು ಬೇಯಿಸಿದರೆ ಅದರೊಳಗಿನ ಸೆಲ್ಯುಲೋಸು ಸಕ್ಕರೆಯಾಗಿ, ಸಕ್ಕರೆ ಮತ್ತೆ ಮುರಿದು ಲೆವುಲಿನಿಕ್ ಆಮ್ಲ ಆಗುತ್ತೆ ಅಂತ. ಜೊತೆಗೆ ಫಾರ್ಮಿಕ್ ಆಮ್ಲ, ಅಂದ್ರೆ ಇರುವೆ ಕಚ್ಚಿದಾಗ ಉರಿಯುತ್ತಲ್ಲ ಅದು. ಮತ್ತೆ ತಳ ಹಿಡಿದ ಪಾಕದಂಥ ಒಂದು ಕಪ್ಪು ಗಸಿ. ಲೆವುಲಿನಿಕ್ ಆಮ್ಲ ಹೊಸ ಶೋಧವೇನಲ್ಲ, 1840ರ ಹೊತ್ತಿಗೇ ಗೊತ್ತಿತ್ತು. ಆದರೆ ಪೆಟ್ರೋಲಿಯಂ ಇಲ್ಲದೆ ರಾಸಾಯನಿಕಗಳನ್ನ ಮಾಡೋದು ಹ್ಯಾಗೆ ಅನ್ನೋ ಚಿಂತೆ ಶುರುವಾದ ಮೇಲೆ ಅದಕ್ಕೆ ಬೆಲೆ ಬಂತು. 2004ರಲ್ಲಿ ಅಮೆರಿಕದ ಇಂಧನ ಇಲಾಖೆ ಗಿಡಗಳಿಂದ ಪಡೆಯಬಹುದಾದ ಮುಖ್ಯ ಮೂಲವಸ್ತುಗಳ ಪಟ್ಟಿ ಮಾಡಿದಾಗ ಇದೂ ಅದರಲ್ಲಿತ್ತು.

ಈ ಆಮ್ಲಕ್ಕೆ ಹೈಡ್ರೋಜನ್ ಸೇರಿಸಿದರೆ ನೀರು ಬಿಟ್ಟುಕೊಟ್ಟು ಗಾಮಾ ವ್ಯಾಲರೋಲ್ಯಾಕ್ಟೋನ್ ಅನ್ನೋ ದ್ರವ ಆಗುತ್ತೆ. ಲ್ಯಾಬಿನಲ್ಲಿ ನಾವು ಜಿವಿಎಲ್ ಅಂತೀವಿ. ಸೊಪ್ಪಿನಂಥ ಹಿತವಾದ ವಾಸನೆ. ದ್ರಾವಕವಾಗಿ ಬಳಸಬಹುದು, ಇಂಧನಕ್ಕೂ ಪ್ಲಾಸ್ಟಿಕ್ಕಿಗೂ ಮೆಟ್ಟಿಲಾಗಿಸಬಹುದು. ಆದರೆ ಹೈಡ್ರೋಜನ್ ತಾನಾಗೇ ಹೋಗಿ ಸೇರೋದಿಲ್ಲ. ಮಧ್ಯೆ ಒಬ್ಬ ಬೇಕು. ಆ ಮಧ್ಯಸ್ಥನೇ ಕ್ಯಾಟಲಿಸ್ಟು, ಶಾಲೆಯಲ್ಲಿ ನಾವು ಉರು ಹೊಡೆದ ಕ್ರಿಯಾವರ್ಧಕ. ನನ್ನದು ರುಥೇನಿಯಂ. ಇದ್ದಿಲಿನ ಪುಡಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳಾಗಿ ಕೂರಿಸಿದ ಲೋಹ.

ಶಾಲೆಯ ವ್ಯಾಖ್ಯೆ ನೆನಪಿದೆಯಲ್ಲ? ಕ್ರಿಯೆಯ ವೇಗವನ್ನು ಬದಲಾಯಿಸುತ್ತದೆ, ಆದರೆ ತಾನು ಬದಲಾಗುವುದಿಲ್ಲ. ನಮ್ಮ ಮೇಷ್ಟ್ರು ಮದುವೆ ದಲ್ಲಾಳಿಯ ಉದಾಹರಣೆ ಕೊಡ್ತಿದ್ರು. ಗಂಡು ಹೆಣ್ಣು ಸೇರಿಸ್ತಾನೆ, ಊಟ ಮಾಡ್ತಾನೆ, ಟವೆಲ್ ಕೊಡವಿ ಮುಂದಿನ ಮನೆಗೆ ಹೋಗ್ತಾನೆ. ಕ್ಲಾಸೆಲ್ಲಾ ನಗೋದು. ಸ್ವೀಡನ್ನಿನ ಬರ್ಜೀಲಿಯಸ್ 1835ರ ಸುಮಾರಿಗೆ ಈ ಹೆಸರಿಟ್ಟಾಗಿನಿಂದ ಇದು ಹೀಗೇ ನಡೆದು ಬಂದಿದೆ. ಸಬಾಟಿಯೆ ಅನ್ನೋ ಫ್ರೆಂಚ್ ವಿಜ್ಞಾನಿ ಮಾತ್ರ ಇದರಲ್ಲಿ ಒಂದು ಸೂಕ್ಷ್ಮ ಕಂಡಿದ್ದ. ನಿಕ್ಕಲ್ ಪುಡಿ ಹಾಕಿ ಹೈಡ್ರೋಜನ್ ಸೇರಿಸೋ ವಿದ್ಯೆಗೆ 1912ರಲ್ಲಿ ಅವನಿಗೆ ನೊಬೆಲ್ ಬಂತು. ನಮ್ಮ ಮನೆಗಳಿಗೆ ಡಾಲ್ಡಾ ಬಂದದ್ದೂ ಅದೇ ದಾರಿಯಲ್ಲಿ. ಅವನು ಹೇಳಿದ್ದು ಇಷ್ಟು: ಲೋಹ ದೂರ ನಿಂತು ಆಶೀರ್ವಾದ ಮಾಡೋದಿಲ್ಲ, ಕೈ ಹಿಡಿಯುತ್ತೆ. ಸ್ವಲ್ಪ ಹೊತ್ತು ಬಂದವರ ಜೊತೆ ಸಂಬಂಧ ಕಟ್ಟಿಕೊಳ್ಳುತ್ತೆ, ಆಮೇಲೆ ಬಿಡುತ್ತೆ. ಹಿಡಿತ ಸಡಿಲವಾದರೆ ಕೆಲಸ ಆಗಲ್ಲ, ಬಿಗಿಯಾದರೆ ಬಿಡೋಕೇ ಆಗಲ್ಲ.

ಕೈ ಹಿಡಿದವನು ಬದಲಾಗದೆ ಇರ್ತಾನಾ?

ಇರಲ್ಲ. ಇದನ್ನ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಡಾಲ್ಡಾ ಮಾಡೋ ಕಾರ್ಖಾನೆಯ ನಿಕ್ಕಲ್ಲೂ ಕೊನೆಗೆ ಸುಸ್ತಾಗಿ, ಜಿಡ್ಡು ಹಿಡಿದು, ಅಪಾಯಕಾರಿ ತ್ಯಾಜ್ಯ ಅನ್ನೋ ಹಣೆಪಟ್ಟಿ ಹಚ್ಚಿಸಿಕೊಂಡು ಹೊರಗೆ ಹೋಗುತ್ತೆ. ಅದರಲ್ಲೂ ಗಿಡದ ಆಮ್ಲಗಳ ಜೊತೆಗಿನ ಸಂಸಾರ ಬಹಳ ಕಷ್ಟದ್ದು. ಪೆಟ್ರೋಲಿಯಂ ಕಾರ್ಖಾನೆಗಳಲ್ಲಿ ಎಷ್ಟೋ ಕ್ರಿಯೆಗಳು ನಡೆಯೋದು ಒಣ ಆವಿಯಲ್ಲಿ. ಇಲ್ಲಿ ಬಿಸಿನೀರು, ಹುಳಿ, ಒತ್ತಡ. ಹುಣಸೆಹುಳಿ ಹಾಕಿ ತಾಮ್ರದ ಚೊಂಬು ತಿಕ್ಕಿದರೆ ಅದು ಹೊಳೆಯುತ್ತಲ್ಲ, ಹೊಳೆಯೋದು ಯಾಕೆ? ಮೇಲಿನ ಪದರ ಕರಗಿ ಹೋಗಿರುತ್ತೆ. ಅದೇ ಇಲ್ಲೂ. ಲೋಹ ಚೂರುಚೂರೇ ಆಮ್ಲಕ್ಕೆ ಕರಗುತ್ತೆ. ಉಳಿದ ಕಾಳುಗಳು ಜರುಗಿ ಜರುಗಿ ಒಂದಕ್ಕೊಂದು ಅಂಟಿ ದಪ್ಪಗಾಗ್ತವೆ, ಹಾಗಾದಾಗ ಹೊರಮೈ ಕಡಿಮೆ, ಕೆಲಸವೂ ಕಡಿಮೆ. ಅದರ ಮೇಲೆ ಅಂಟಂಟು ಕಸ ಕೂರುತ್ತೆ. ಲೋಹ ಕೂತಿರೋ ನೆಲವೇ ಕೆಡೋದೂ ಉಂಟು. ಅಲ್ಯೂಮಿನಾ ಬಿಸಿನೀರಲ್ಲಿ ಬೇರೆಯೇ ಖನಿಜವಾಗಿ ಮಾರ್ಪಡುತ್ತೆ, ಮನೆಯವರು ಒಳಗಿರುವಾಗಲೇ ಗೋಡೆ ಕುಸಿದಂತೆ.

ಇದೆಲ್ಲ ಲ್ಯಾಬಿನ ಚಿಕ್ಕ ತಲೆನೋವು ಅಂದ್ಕೋಬೇಡಿ. ರುಥೇನಿಯಂ ಬರೋದು ಬಹುಪಾಲು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಿಂದ, ಅದೂ ಉಪ ಉತ್ಪನ್ನವಾಗಿ. ನಾಲ್ಕಾರು ಸಲಕ್ಕೆ ಕರಗಿ ಹೋಗೋ ಲೋಹ ಹಾಕಿ ಕಬ್ಬಿನ ಸಿಪ್ಪೆಯಿಂದ ದ್ರಾವಕ ತೆಗೆದು ಅದಕ್ಕೆ ಹಸಿರು ಅಂತ ಹೆಸರಿಟ್ಟರೆ, ಆ ಹಸಿರಿನ ಖರ್ಚು ಇನ್ನೊಂದು ದೇಶದ ನೆಲದಾಳದಲ್ಲಿ ಬಿದ್ದಿರುತ್ತೆ. ಹಾಗಾಗಿ ಕ್ಯಾಟಲಿಸ್ಟು ಎಷ್ಟು ದಿನ ಬಾಳುತ್ತೆ ಅನ್ನೋದು ಈ ವಿದ್ಯೆಯಲ್ಲಿ ಪಕ್ಕದ ಪ್ರಶ್ನೆ ಅಲ್ಲ. ಅದೇ ಪ್ರಶ್ನೆ.

ಹಾಗಾದ್ರೆ ನನ್ನ ಐದು ಕಂಬ?

ಪ್ರಯೋಗ ಹೀಗೆ. ಕಬ್ಬಿಣದ ಗಟ್ಟಿ ಪಾತ್ರೆ, ಆಟೋಕ್ಲೇವ್ ಅಂತ. ಅದರಲ್ಲಿ ನೀರು, ಲೆವುಲಿನಿಕ್ ಆಮ್ಲ, ಕರೀ ಪುಡಿ. ಈ ಆಮ್ಲ ಮೂವತ್ತಮೂರು ಡಿಗ್ರಿ ಆಸುಪಾಸಿನಲ್ಲಿ ಕರಗುತ್ತೆ, ಚಳಿಗಾಲದಲ್ಲಿ ಬಾಟಲಿಯಲ್ಲಿ ಗಡ್ಡೆ ಕಟ್ಟಿರೋದು, ಬಿಸಿನೀರಲ್ಲಿ ಇಟ್ಟು ಕರಗಿಸಿ ಸುರಿಯಬೇಕು, ಕೊಬ್ಬರಿ ಎಣ್ಣೆ ಥರ. ಮುಚ್ಚಳ ಬಿಗಿದು, ಹೈಡ್ರೋಜನ್ ತುಂಬಿ, ಕಾಯಿಸಿ, ನಾಲ್ಕು ಗಂಟೆ ಕಲಕೋದು. ಆಮೇಲೆ ತಣಿಸಿ, ಸೋಸಿ, ಪುಡಿ ತೊಳೆದು ಒಣಗಿಸಿ ಮತ್ತೆ ಅದೇ ಪುಡಿಗೆ ಹೊಸ ಆಮ್ಲ. ಹೀಗೆ ಐದು ಸಲ. ಪ್ರತಿ ಸಲ ನಾಲ್ಕು ಗಂಟೆ ಆದಮೇಲೆ ಎಷ್ಟು ಆಮ್ಲ ಜಿವಿಎಲ್ ಆಗಿದೆ ಅಂತ ಅಳೆದರೆ 99.

ಆದರೆ ಪಾತ್ರೆಯ ಮೇಲೆ ಒತ್ತಡದ ಮುಳ್ಳು ಇರುತ್ತೆ. ಹೈಡ್ರೋಜನ್ ಖರ್ಚಾದಂತೆ ಅದು ಇಳೀತಾ ಹೋಗುತ್ತೆ, ಕೆಲಸ ಮುಗಿದ ಮೇಲೆ ನಿಲ್ಲುತ್ತೆ. ಮೊದಲ ಸಲ ಮುಳ್ಳು ಐವತ್ತು ನಿಮಿಷಕ್ಕೆ ನಿಂತುಬಿಟ್ಟಿತ್ತು. ಉಳಿದ ಮೂರು ಗಂಟೆ ಹತ್ತು ನಿಮಿಷ ಪುಡಿ ಸುಮ್ಮನೆ ಸುತ್ತುತ್ತಿತ್ತು. ಐದನೇ ಸಲ ನಾನು ಕ್ಯಾಂಟೀನಿಗೆ ಹೋಗಿ ಊಟ ಮಾಡಿ ಬಂದರೂ, ಮೂರು ಗಂಟೆ ಕಳೆದರೂ, ಮುಳ್ಳು ಇನ್ನೂ ನಿಧಾನಕ್ಕೆ ಇಳೀತಾನೇ ಇತ್ತು. ನಿಂತಿದ್ದು ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ. ಅಂದ್ರೆ ಪುಡಿಯ ಶಕ್ತಿ ಕಾಲು ಭಾಗಕ್ಕೆ ಬಂದಿದೆ. ಆದರೂ ನಾಲ್ಕು ಗಂಟೆ ಕೊಟ್ಟಿದ್ವಲ್ಲ, ಕೆಲಸ ಮುಗಿದಿತ್ತು. ಕಂಬ ಮೊದಲನೇದರಷ್ಟೇ ಎತ್ತರ.

ನಾನು ನೋಡಿದೆ. ನೋಟ್‌ಬುಕ್ಕಿನಲ್ಲಿ ಬರೆದೂ ಬರೆದೆ. ಒಂದು ಶನಿವಾರ ಹಟಕ್ಕೆ ಬಿದ್ದು ಇನ್ನೊಂದು ಸರಣಿ ಮಾಡಿದೆ, ಪ್ರತಿ ಸಲ ಹದಿನೈದೇ ನಿಮಿಷಕ್ಕೆ ನಿಲ್ಲಿಸಿ. ಮೊದಲ ಸಲ 74, ಕೊನೇ ಸಲ 29. ಈ ಸಲ ಕಂಬಗಳಲ್ಲ, ಕಲ್ಯಾಣಿಯ ಮೆಟ್ಟಿಲು, ಸೀದಾ ಕೆಳಕ್ಕೆ.

ಗೈಡಿಗೆ ತೋರಿಸಿದೆ. ಅವರು ಕೆಟ್ಟವರಲ್ಲ, ನನ್ನ ಫೆಲೋಶಿಪ್ ತಡವಾದ ತಿಂಗಳು ಮೆಸ್ ಬಿಲ್ಲು ಕಟ್ಟಿದವರು. ಕನ್ನಡಕ ಮೇಲಕ್ಕೆ ಸರಿಸಿ ಕೇಳಿದ್ರು, "99 ಬಂದಿರೋದು ನಿಜ ತಾನೇ?" ನಿಜ ಸಾರ್. "ನಾಲ್ಕು ಗಂಟೆ ಅಂತ ಬರೆದಿದೀಯ ತಾನೇ?" ಬರೆದಿದೀನಿ. "ಮತ್ತೆ ಸುಳ್ಳು ಎಲ್ಲಿದೆ? ಎಲ್ಲರೂ ಹೀಗೇ ತೋರಿಸೋದು. ಐದು ಸಲ ತೋರಿಸು ಅಂತ ರೆಫರೀನೇ ಕೇಳ್ತಾನೆ, ಹದಿನೈದು ನಿಮಿಷದ್ದು ಯಾರು ಕೇಳಿದಾರೆ?"

ಈ ಪ್ರಶ್ನೆಗೆ ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಪೂರ್ತಿ ಉತ್ತರ ಈಗಲೂ ಇದೆಯಾ ಅಂದ್ರೆ ಅನುಮಾನ. ಸುಳ್ಳು ಅಂದ್ರೆ ಇಲ್ಲದ್ದನ್ನ ಹೇಳೋದು ಅಂತಾದರೆ ನಾವು ಸುಳ್ಳು ಹೇಳಿಲ್ಲ. ಧರ್ಮರಾಯನ ಕಥೆ ನೆನಪಾಗುತ್ತೆ, ನೆಲಕ್ಕೆ ತಾಗದೆ ಓಡ್ತಿದ್ದ ಅವನ ರಥ ಅರ್ಧ ಸತ್ಯ ನುಡಿದ ಮೇಲೆ ನೆಲಕ್ಕಿಳಿಯಿತು ಅಂತ. ಆದರೆ ಅವನಿಗೆ ದ್ರೋಣರು ಎದುರಿಗೆ ನಿಂತು ನೇರವಾಗಿ ಕೇಳಿದ್ರು. ನಮ್ಮನ್ನ ಯಾರೂ ಕೇಳಿರಲಿಲ್ಲ. ಕೇಳದೇ ಇದ್ದಾಗ ಹೇಳದೇ ಇರೋದು ತಪ್ಪಾ? ಹಾಗಂದ್ರೆ ಜಗತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರೋ ಪ್ರತಿಯೊಬ್ಬರೂ ತಪ್ಪಿತಸ್ಥರಾಗ್ತಾರೆ.

ನನಗೆ ಅನ್ನಿಸೋದು ಹೀಗೆ. ಆ ಚಿತ್ರ ಇರೋದೇ ಒಂದು ಪ್ರಶ್ನೆಗೆ ಉತ್ತರವಾಗಿ: ಇದು ಬಾಳಿಕೆ ಬರುತ್ತಾ? ನಾವು ಕೊಟ್ಟ ಅಂಕಿ ಬೇರೆ ಪ್ರಶ್ನೆಯದ್ದು: ಕೆಲಸ ಮುಗೀತಾ? ಒಂದರ ಉತ್ತರವನ್ನ ಇನ್ನೊಂದರ ಜಾಗದಲ್ಲಿ ಇಟ್ಟೆವು. ಸೋಲೋಕೆ ಸಾಧ್ಯವೇ ಇಲ್ಲದ ಕಡೆ ಪರೀಕ್ಷೆ ಇಟ್ಟು ಪಾಸಾಯ್ತು ಅಂದೆವು. ಇದಕ್ಕೆ ಸುಳ್ಳು ಅನ್ನೋ ಪದ ದೊಡ್ಡದಾದರೆ ಬೇರೆ ಪದ ಹುಡುಕಿಕೊಳ್ಳಿ, ಕೆಲಸ ಮಾತ್ರ ಅದೇ ಮಾಡುತ್ತೆ. ಇನ್ನೊಂದು ಮಾತು. ನಾವು ಬಳಸಿದ್ದು ಬಾಟಲಿಯ ಶುದ್ಧ ಆಮ್ಲ. ನಿಜವಾದ ಸಿಪ್ಪೆಯಿಂದ ಬಂದ ರಸದಲ್ಲಿ ಸಲ್ಫ್ಯೂರಿಕ್ ಆಮ್ಲದ ಉಳಿಕೆ ಇರುತ್ತೆ, ಆ ಕಪ್ಪು ಗಸಿ ಇರುತ್ತೆ. ಅದನ್ನ ಹಾಕಿದ್ದರೆ ನನ್ನ ಪುಡಿ ಐದು ಸಲ ಕಾಣ್ತಿತ್ತೋ ಇಲ್ಲವೋ. ಅದನ್ನಂತೂ ನಾನು ಕೇಳಿಕೊಳ್ಳಲೇ ಇಲ್ಲ. ಗೈಡನ್ನ ದೂರಿ ಏನು ಪ್ರಯೋಜನ.

ಆ ವರ್ಷ ಗೌರಿ ಹಬ್ಬಕ್ಕೆ ನಾನು ಊರಿಗೆ ಹೋಗಲಿಲ್ಲ, ಪೇಪರು ಕಳಿಸೋ ಅವಸರ. ಅಕ್ಕ ಬಂದಿದ್ದಳು. ಹಬ್ಬ ಮುಗಿದ ಮಾರನೇ ದಿನ ಫೋನ್ ಮಾಡಿದಳು. "ಅವ್ವ ಎಷ್ಟೊತ್ಗೆ ಏಳ್ತಾಳೆ ಗೊತ್ತೇನೋ ನಿಂಗೆ?"

ಗೊತ್ತಿತ್ತು ಅಂದ್ಕೊಂಡಿದ್ದೆ. ಐದು ಗಂಟೆಗೆ. ಎರಡು ಹಸು, ಆರೂವರೆಗೆ ಡೈರಿಗೆ ಹಾಲು ಹೋಗಬೇಕು. ಎಂಟಕ್ಕೆ ತಿಂಡಿ ಆಗಬೇಕು, ಅಪ್ಪ ಗದ್ದೆಗೆ ಹೋಗೋ ಹೊತ್ತು. ನನ್ನ ನೆನಪಿನಲ್ಲಿ ಇದು ತಪ್ಪಿದ್ದೇ ಇಲ್ಲ. ಅವ್ವನಿಗೆ ವಯಸ್ಸಾಯ್ತು ಅಂತ ಯಾರಾದರೂ ಅಂದ್ರೆ ಅಪ್ಪ, "ಅವಳಿಗೇನಾಗದೆ, ಕಲ್ಲುಗುಂಡು" ಅನ್ನೋರು. ಅದಕ್ಕೆ ಸಾಕ್ಷಿಯೂ ಇತ್ತಲ್ಲ. ಆರೂವರೆಗೆ ಹಾಲು, ಎಂಟಕ್ಕೆ ತಿಂಡಿ, ದಿನಾ. ಕಂಬದ ಪಕ್ಕ ಕಂಬ.

ಅಕ್ಕ ಪಡಸಾಲೆಯಲ್ಲಿ ಮಲಗಿದ್ದಳಂತೆ. ಮೂರೂವರೆಗೆ ಏನೋ ಸದ್ದಾಗಿ ಎದ್ದು ನೋಡಿದರೆ ಅವ್ವ ಕೊಟ್ಟಿಗೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ಉಸಿರು ತಗೋತಾ. ಸಗಣಿ ಬಾಚೋಳು, ನಿಲ್ಲೋಳು. ನೀರು ತರೋಳು, ಕಲ್ಲಿನ ಮೇಲೆ ಕೂರೋಳು. ಒಂದೂವರೆ ಗಂಟೆಯಲ್ಲಿ ಆಗ್ತಿದ್ದ ಕೆಲಸ ಮೂರು ಗಂಟೆಗೆ ಹಿಗ್ಗಿತ್ತು. ಹಿಗ್ಗಿದ್ದನ್ನೆಲ್ಲ ಅವಳು ನಿದ್ದೆಯ ಕಡೆಯಿಂದ ಕತ್ತರಿಸಿಕೊಂಡಿದ್ದಳು, ಎಂಟು ಗಂಟೆಯ ಕಡೆಯಿಂದ ಒಂದು ನಿಮಿಷವನ್ನೂ ಅಲ್ಲ. ಎಷ್ಟು ದಿನದಿಂದ ಅಂತ ಕೇಳಿದರೆ, "ಏಳ್ತೀನಿ ಕಣವ್ವ, ನಿದ್ದೆ ಬರಾಕಿಲ್ಲ, ಅದ್ಕೆ ಎದ್ಬುಡ್ತೀನಿ" ಅಂದಳಂತೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳು.

ಫೋನಿಟ್ಟ ಮೇಲೆ ಲ್ಯಾಬಿನಲ್ಲಿ ಆ ಆಟೋಕ್ಲೇವಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ. ಯಾವ ಪಾಠವನ್ನ ನಾನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ನೀಟಾಗಿ ಬರೆದಿಟ್ಟಿದ್ದೆನೋ ಅದು ಮನೆಯಲ್ಲಿ ವರ್ಷಗಟ್ಟಲೆ ನಡೆದಿತ್ತು. ಪ್ರತಿ ವಾರ ಫೋನಿನಲ್ಲಿ ನಾನು ಕೇಳ್ತಿದ್ದದ್ದು "ತಿಂಡಿ ಆಯ್ತಾ ಅವ್ವ?" ಅಂತ. ಆಗಿರ್ತಿತ್ತು.

ಈ ಕಥೆಯನ್ನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಇರೋ ಗೆಳೆಯನಿಗೆ ಹೇಳಿದಾಗ ಅವನು ಹೇಳಿದ್ದು ನನ್ನ ತಲೆಯಲ್ಲಿ ಉಳಿದಿದೆ. ಕಾರ್ಖಾನೆಯಲ್ಲೂ ಉತ್ಪನ್ನ ಒಂದೇ ಮಟ್ಟದಲ್ಲಿ ಇರಬೇಕು, ಕ್ಯಾಟಲಿಸ್ಟು ದಿನೇದಿನೇ ಸುಸ್ತಾಗ್ತಿರುತ್ತೆ. ಏನು ಮಾಡ್ತಾರೆ? ಉಷ್ಣತೆಯನ್ನ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗ್ತಾರೆ. ಹೊರಗೆ ಬರೋ ಮಾಲು ನೋಡಿದರೆ ಏನೂ ಗೊತ್ತಾಗಲ್ಲ. ಆದರೆ ಉಷ್ಣತೆಯನ್ನ ದಿನಾ ಬರೆದಿಡ್ತಾರೆ, ಅದೇ ದಣಿವಿನ ಲೆಕ್ಕ. ಮತ್ತೆ ಇಷ್ಟು ಡಿಗ್ರಿ ಮುಟ್ಟಿದರೆ ನಿಲ್ಲಿಸಬೇಕು, ಸುಟ್ಟು ಶುದ್ಧ ಮಾಡಬೇಕು ಇಲ್ಲಾ ಹೊಸದು ಹಾಕಬೇಕು ಅಂತ ಮೊದಲೇ ಗೆರೆ ಎಳೆದಿರ್ತಾರೆ. "ನಾವು ಜಾಸ್ತಿ ಕ್ಯಾಟಲಿಸ್ಟ್ ಹಾಕ್ತೀವಿ, ಜಾಸ್ತಿ ಕಾಯಿಸ್ತೀವಿ, ಅದರಲ್ಲಿ ಮೋಸ ಇಲ್ಲ ಮಾರಾಯ. ಬರೆದಿಡದೆ ಇದ್ದರೆ ಮೋಸ" ಅಂದ. ಲಾಭಕ್ಕಾಗಿ ನಡೆಯೋ ಕಾರ್ಖಾನೆ, ಸತ್ಯಕ್ಕಾಗಿ ನಡೆಯೋ ನಮ್ಮ ಲ್ಯಾಬಿಗಿಂತ ಈ ವಿಷಯದಲ್ಲಿ ಪ್ರಾಮಾಣಿಕ. ನಮ್ಮ ಮನೆಗಿಂತಲೂ. ಮೂರೂವರೆ ಅನ್ನೋದು ಅವ್ವನ ಉಷ್ಣತೆ, ಅದನ್ನ ಬರೆದಿಡೋ ಪುಸ್ತಕ ನಮ್ಮ ಮನೆಯಲ್ಲಿ ಇರಲಿಲ್ಲ. ಗೆರೆಯಂತೂ ಯಾರೂ ಎಳೆದಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರ್ತಿತ್ತು. ಆದರೆ ಈ ಹೋಲಿಕೆ ಒಂದು ಕಡೆ ಮುರಿದು ಬೀಳುತ್ತೆ, ಅದನ್ನ ಮುಚ್ಚಿಟ್ಟರೆ ನಾನು ಮತ್ತೆ ಐದು ಕಂಬ ತೋರಿಸಿದ ಹಾಗೆ. ರುಥೇನಿಯಂ ತನ್ನ ದಣಿವನ್ನ ಮುಚ್ಚಿಡಲಿಲ್ಲ. ಮುಚ್ಚಿಟ್ಟವನು ನಾನು. ಅವ್ವ ತಾನಾಗೇ ಮುಚ್ಚಿಟ್ಟಳು. ಹಸು ಒಂದನ್ನ ಮಾರೋಣ ಅಂದಾಗ ಅವಳಿಗೆ ಬಂದ ಸಿಟ್ಟನ್ನ ನಾನು ಮರೆಯಲ್ಲ. "ನಾನು ಸತ್ತೋದ್ನಾ? ಹಸ ಮಾರ್ಬುಟ್ಟು ಗ್ವಾಡೆ ನೋಡ್ಕಂಡು ಕೂರ್ಲಾ?" ಅವಳಿಗೆ ಎಂಟು ಗಂಟೆ ಅನ್ನೋದು ಬರೀ ಹೊರೆ ಆಗಿರಲಿಲ್ಲ, ಹೆಮ್ಮೆಯೂ ಆಗಿತ್ತು. ಅವಳನ್ನ ಮಧ್ಯದಲ್ಲಿ ನಿಲ್ಲಿಸಿ ಅಳೆಯೋ ಹಕ್ಕು ನಮಗೆ ಎಲ್ಲಿಂದ ಬಂತು? ಪ್ರೀತಿಯಿಂದ ಬಂತು ಅನ್ನಬಹುದು. ಇಷ್ಟು ವರ್ಷ ತಿಂಡಿ ತಿಂದು ಎದ್ದು ಹೋದವರಿಗೆ ಆ ಪ್ರೀತಿಯ ಮಾತು ಆಡೋಕೆ ಸ್ವಲ್ಪ ನಾಚಿಕೆಯೂ ಆಗಬೇಕು.

2013ರಲ್ಲಿ ಅಮೆರಿಕದ ಒಂದು ತಂಡ ತಾಮ್ರದ ಕಾಳುಗಳ ಮೇಲೆ ಪದರ ಪದರವಾಗಿ ಅಲ್ಯೂಮಿನಾದ ತೆಳು ಪೊರೆ ಕೂರಿಸಿತು. ಕಾಳು ಜರುಗೋದೂ ಕರಗೋದೂ ನಿಂತಿತು. ಪೊರೆ ಹಾಕಿದರೆ ಲೋಹದ ಸ್ವಲ್ಪ ಮೈ ಮುಚ್ಚಿಹೋಗುತ್ತೆ, ಅಷ್ಟು ಕೆಲಸ ಕೈಬಿಡಬೇಕು, ಆದರೆ ಬಾಳುತ್ತೆ. ರುಥೇನಿಯಂ ಜೊತೆ ಪಲ್ಲಾಡಿಯಂ ಬೆರೆಸಿ ಟೈಟಾನಿಯಾ ಮೇಲೆ ಕೂರಿಸಿ ಇದೇ ಲೆವುಲಿನಿಕ್ ಆಮ್ಲಕ್ಕೆ ಗಟ್ಟಿಯಾದ ಕ್ಯಾಟಲಿಸ್ಟ್ ಮಾಡಿದವರೂ ಇದ್ದಾರೆ, ಹೊರೆ ಹಂಚಿದ ಹಾಗೆ ಅಂತ ನಾನು ಅಂದ್ಕೋತೀನಿ. ಇವನ್ನ ಓದುವಾಗೆಲ್ಲ ನನಗೆ ಕೊಟ್ಟಿಗೆ ನೆನಪಾಗುತ್ತೆ. ಇದು ವಿಜ್ಞಾನವಲ್ಲ, ನನ್ನ ಖಾಯಿಲೆ.

ಪೇಪರಿನಲ್ಲಿ ಐದು ಕಂಬಗಳೇ ಅಚ್ಚಾದವು. ಥೀಸಿಸ್ಸಿನಲ್ಲಿ ಮೆಟ್ಟಿಲಿನ ಚಿತ್ರವನ್ನೂ ಸೇರಿಸಿದೆ, ನಾಲ್ಕನೇ ಅಧ್ಯಾಯದಲ್ಲಲ್ಲ, ಕೊನೆಯ ಅನುಬಂಧದಲ್ಲಿ, ಸಣ್ಣ ಅಕ್ಷರದಲ್ಲಿ. ಧೈರ್ಯ ಅಷ್ಟೇ ಇತ್ತು. ವೈವಾದ ದಿನ ಯಾರೂ ಆ ಪುಟ ತೆರೆಯಲಿಲ್ಲ. ಹೊಸ ಮನೆಯ ನೆಲದ ಮೇಲೆ ಕೂತು ಅದನ್ನೂ ತೆಗೆದು ನೋಡಿದೆ. ಅಲ್ಲಿಗೆ ಹುಳ ಬಂದಿರಲಿಲ್ಲ.

ಊರಲ್ಲಿ ಈಗ ಒಂದೇ ಹಸು. ಹಾಲು ಕರೆಯೋದು ಅಪ್ಪ, ಬೈಸಿಕೊಂಡು. ಅವ್ವ ಕಬ್ಬಿಣಾಂಶದ ಮಾತ್ರೆ ನುಂಗ್ತಾಳೆ ಅಂತ ಹೇಳ್ತಾಳೆ. ಫೋನಿನಲ್ಲಿ ನಾನು ತಿಂಡಿ ವಿಷಯ ಎತ್ತಲ್ಲ, ಎಷ್ಟೊತ್ತಿಗೆ ಎದ್ದೆ ಅಂತ ಕೇಳ್ತೀನಿ. "ಆರ್ಗಂಟೆ ಆಗಿತ್ತು ಕಣಪ್ಪ" ಅಂತಾಳೆ. ಮೊನ್ನೆ ಅಕ್ಕ ಊರಿಗೆ ಹೋಗಿದ್ದಳು. ಅವಳನ್ನ ಕೇಳಿದೆ. ನಾಲ್ಕೂ ಮುಕ್ಕಾಲು ಅಂದಳು.